‘ಟೇಬಲ್ ಇಟ್’ ಅಂದ್ರೆ ಈಗಲಾ, ಆಮೇಲಾ?

ಪ್ರಶ್ನೆ: ಮೇಡಂ, ನನ್ನ ಊರು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಇಂಗ್ಲಿಷ್ ಓದೋಕೆ, ಬರೆಯೋಕೆ ತೊಂದರೆ ಇಲ್ಲ. ಆದರೆ ಕಾಲ್‌ನಲ್ಲಿ ವಿದೇಶದವರು ಇಡಿಯಮ್ (ನುಡಿಗಟ್ಟು) ಹಾಕಿ ಮಾತಾಡಿದರೆ ಅರ್ಧ ತಲೆಗೇ ಹೋಗಲ್ಲ. ಮೊದಲು ಲಂಡನ್ ಟೀಮಿನ ಜೊತೆ ಇದ್ದೆ, ಈಗ ಅಮೆರಿಕದ ಟೀಮ್. ಕಳೆದ ತಿಂಗಳು ಮ್ಯಾನೇಜರ್ ‘ಲೆಟ್ಸ್ ಟೇಬಲ್ ಇಟ್’ ಅಂದರು. ಚರ್ಚೆ ಶುರು ಮಾಡೋಣ ಅಂದರೇನೋ ಅಂತ ಸ್ಲೈಡ್ ತೆರೆದು ಮಾತಾಡತೊಡಗಿದೆ. ಎಲ್ಲರೂ ಗಪ್‌ಚುಪ್. ಅವತ್ತೇ ಅವೆನ್ಯೂ ರೋಡಿಗೆ ಹೋಗಿ ಐನೂರು ಇಡಿಯಮ್ ಇರುವ ಪುಸ್ತಕ ತಂದೆ. ದಿನಕ್ಕೆ ಹತ್ತು ಬಾಯಿಪಾಠ ಮಾಡುತ್ತಿದ್ದೇನೆ. ಇದು ಸರಿಯಾದ ದಾರಿಯಾ? ಇನ್ನೊಂದು, ‘ಐ ಹ್ಯಾವ್ ಎ ಡೌಟ್’ ಅಂತ ನಾನು ಹೇಳಿದಾಗಲೆಲ್ಲ ಟೀಮ್ ಲೀಡ್ ನಗುತ್ತಾರೆ. ಅದು ತಪ್ಪಾ?

ಉತ್ತರ: ಮೊದಲು ನಿಮ್ಮ ಸ್ಲೈಡಿನ ಸಂಕಟ ಮುಗಿಸೋಣ. ತಪ್ಪು ನಿಮ್ಮದಲ್ಲ. ‘ಟೇಬಲ್’ ಅನ್ನುವ ಈ ಮಾತಿಗೆ ಲಂಡನ್ನಿನಲ್ಲಿ ಒಂದು ಅರ್ಥ, ಅಮೆರಿಕದಲ್ಲಿ ಸರಿಯಾಗಿ ಅದರ ಉಲ್ಟಾ. ಬ್ರಿಟಿಷರಿಗೆ ಒಂದು ವಿಷಯವನ್ನು ಟೇಬಲ್ ಮಾಡುವುದು ಅಂದರೆ ಚರ್ಚೆಗೆ ಇಡುವುದು. ನಮ್ಮಲ್ಲೂ ಹಾಗೇ. ವಿಧಾನಸೌಧದಲ್ಲಿ ವರದಿ ಮಂಡಿಸಿದರು ಅನ್ನುವುದನ್ನು ಇಂಗ್ಲಿಷ್ ಪತ್ರಿಕೆಗಳು ‘ಟೇಬಲ್ಡ್’ ಅಂತಲೇ ಬರೆಯುತ್ತವೆ. ಅಮೆರಿಕದವರಿಗೆ ಮಾತ್ರ ಅದು ‘ಇದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ’. ನೀವು ಲಂಡನ್ ಅರ್ಥ ಹಿಡಿದುಕೊಂಡು ಅಮೆರಿಕದ ಕಾಲ್‌ನಲ್ಲಿ ಕೂತಿದ್ದಿರಿ, ಅಷ್ಟೇ.

ಇದರಲ್ಲಿ ಬಿದ್ದವರು ನೀವೊಬ್ಬರೇ ಅಲ್ಲ. ಎರಡನೇ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಒಂದು ತುರ್ತು ವಿಷಯವನ್ನು ‘ಟೇಬಲ್’ ಮಾಡೋಣ ಅಂದರಂತೆ. ಅಮೆರಿಕದವರು ಬೇಡವೇ ಬೇಡ ಅಂದರಂತೆ. ಬಹಳ ಹೊತ್ತು ಜಗಳವಾದ ಮೇಲೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಅಂತ ಗೊತ್ತಾಯಿತು. ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಇದನ್ನು ಬರೆದಿದ್ದಾರೆ. (ಚರ್ಚಿಲ್ ನಮ್ಮೂರಿಗೆ ಹೊಸಬರೇನಲ್ಲ ಬಿಡಿ. 1896ರಲ್ಲಿ ಸೈನ್ಯದ ಜೊತೆ ಇಲ್ಲಿನ ಕಂಟೋನ್ಮೆಂಟಿಗೆ ಬಂದವರು. ಬೆಂಗಳೂರು ಕ್ಲಬ್ಬಿನ ಹಳೇ ಲೆಡ್ಜರಿನಲ್ಲಿ ಅವರ ಹೆಸರಿನ ಮುಂದೆ 13 ರೂಪಾಯಿ ಬಾಕಿ ಇದೆ.) ಅಷ್ಟು ದೊಡ್ಡ ದೊಡ್ಡವರೇ ಒಂದು ಪದಕ್ಕೆ ಕಿತ್ತಾಡಿದ್ದಾರೆ ಅಂದಮೇಲೆ ನೀವು ಒಂದು ಸ್ಲೈಡ್ ತೆರೆದದ್ದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ.

ಆದರೆ ಒಂದು ವಿಷಯ ಗಮನಿಸಿ. ನಿಮಗೆ ಆ ಇಡಿಯಮ್ಮಿನ ಅರ್ಥ ಗೊತ್ತಿತ್ತು! ಅರ್ಥ ಗೊತ್ತಿದ್ದೂ ಎಡವಿದಿರಿ. ಹಾಗಾದರೆ ಇನ್ನೂ ಐನೂರು ಅರ್ಥ ಬಾಯಿಪಾಠ ಮಾಡಿದರೆ ಈ ತೊಂದರೆ ಹೇಗೆ ಹೋಗುತ್ತೆ?

ನನ್ನದೇ ಕಥೆ ಹೇಳುತ್ತೇನೆ. ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಒಂದು ಗಾರ್ಮೆಂಟ್ಸ್ ಎಕ್ಸ್‌ಪೋರ್ಟ್ ಆಫೀಸಿನಲ್ಲಿ ಪತ್ರ ವ್ಯವಹಾರ ನೋಡಿಕೊಳ್ಳುತ್ತಿದ್ದೆ. ಇಂಗ್ಲಿಷ್ ಎಂ.ಎ. ಮಾಡಿದವಳು ಅನ್ನುವ ಜಂಭ ಬೇರೆ. ಅಮೆರಿಕದಿಂದ ಒಬ್ಬ ಬಯರ್ ಬಂದಿದ್ದರು. ಒಳ್ಳೆಯ ಮನುಷ್ಯ. ಸಂಜೆ ನಮ್ಮ ಮನೆಗೆ ಊಟಕ್ಕೆ ಬನ್ನಿ ಅಂತ ಕರೆದೆ. ಅವರು ನಗುತ್ತಾ ‘ಕ್ಯಾನ್ ಐ ಟೇಕ್ ಎ ರೇನ್ ಚೆಕ್?’ ಅಂದರು. ಮೇ ತಿಂಗಳು. ಬೆಂಗಳೂರಿನಲ್ಲಿ ಮೇ ಸಂಜೆ ಅಂದರೆ ಗೊತ್ತಲ್ಲ, ನಾಲ್ಕು ಗಂಟೆಗೆ ಬಿಸಿಲು, ಐದಕ್ಕೆ ಮೋಡ, ಆರಕ್ಕೆ ಧೋ ಅಂತ ಮಳೆ. ಪಾಪ, ಮಳೆ ಬರುತ್ತಾ ಇಲ್ವಾ ಅಂತ ನೋಡಿಕೊಂಡು ಬರುತ್ತಾರೆ ಅಂದುಕೊಂಡೆ. ‘ಶೂರ್, ಶೂರ್’ ಅಂದೆ.

ಅವತ್ತು ಒಂದು ಹನಿಯೂ ಬೀಳಲಿಲ್ಲ. ಅತ್ತೆ ಬಿಸಿಬೇಳೆಬಾತ್ ಮಾಡಿ ಮೇಲೆ ತುಪ್ಪ ಹಾಕಿಟ್ಟರು. ಹಪ್ಪಳ ಕರಿದು ಡಬ್ಬಿಗೆ ತುಂಬಿದರು. ನಾನು ಹತ್ತು ನಿಮಿಷಕ್ಕೊಂದು ಸಲ ಗೇಟಿನ ಹತ್ತಿರ ಹೋಗಿ ಆಕಾಶ ನೋಡುತ್ತಿದ್ದೆ. ಒಂಬತ್ತೂವರೆಗೆ ಅತ್ತೆ, ‘ನಿನ್ನ ಅಮೆರಿಕದವನಿಗೆ ಎಲ್ಲಿ ಮಳೆ ಬಂತಂತೆ?’ ಅಂದರು. ಮಾರನೇ ದಿನ ಮುಖ ಊದಿಸಿಕೊಂಡು ಕೇಳಿದಾಗ ಆ ಮನುಷ್ಯ ಹೌಹಾರಿದರು. ಅವರು ಹೇಳಿದ್ದು ‘ಇವತ್ತು ಆಗಲ್ಲ, ಇನ್ನೊಂದು ಸಲ ಬರುತ್ತೇನೆ’ ಅಂತ. ಅಮೆರಿಕದ ಬೇಸ್‌ಬಾಲ್‌ನಿಂದ ಬಂದ ಮಾತು ಅದು. ಮಳೆಯಿಂದ ಆಟ ನಿಂತರೆ ಟಿಕೆಟಿನ ತುಂಡು ತೋರಿಸಿ ಬೇರೆ ದಿನದ ಆಟ ನೋಡಬಹುದಿತ್ತು. ಆ ತುಂಡೇ ರೇನ್ ಚೆಕ್. 1880ರ ದಶಕದಿಂದ ಇದ್ದ ಪದ್ಧತಿ. ನನ್ನ ಎಂ.ಎ.ಯಲ್ಲಿ ಶೇಕ್ಸ್‌ಪಿಯರ್ ಇದ್ದ, ಬೇಸ್‌ಬಾಲ್ ಇರಲಿಲ್ಲ.

ಅವತ್ತಿನಿಂದ ನಾನು ಇಡಿಯಮ್ ಕೇಳಿದಾಗ ‘ಇದರ ಅರ್ಥ ಏನು’ ಅಂತ ಮೊದಲು ಕೇಳಿಕೊಳ್ಳುವುದಿಲ್ಲ. ‘ಇದು ನನ್ನಿಂದ ಏನು ಕೇಳುತ್ತಿದೆ’ ಅಂತ ಕೇಳಿಕೊಳ್ಳುತ್ತೇನೆ. ಅಡುಗೆ ಮಾಡಬೇಕಾ, ಬೇಡವಾ? ಸ್ಲೈಡ್ ತೆರೆಯಬೇಕಾ, ಮುಚ್ಚಬೇಕಾ? ಆಫೀಸಿನಲ್ಲಿ ನಿಮಗೆ ಬೇಕಾಗಿರುವುದು ಇಷ್ಟೇ. ಈಗ ಇಪ್ಪತ್ತು ವರ್ಷದಿಂದ ವಿಜಯನಗರದಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ, ನನ್ನ ಹತ್ತಿರ ಬರುವ ಹುಡುಗರಿಗೂ ಇದನ್ನೇ ಹೇಳುತ್ತೇನೆ.

ನಿಮ್ಮ ಕಾಲ್‌ಗಳಲ್ಲಿ ದಿನಾ ಬರುವ ಕೆಲವನ್ನು ಈ ಕಣ್ಣಿನಿಂದ ನೋಡಿ. ‘ಗಿವ್ ಮಿ ಎ ಬಾಲ್‌ಪಾರ್ಕ್ ಫಿಗರ್’ ಅಂದರೆ ಅವರಿಗೆ ಬೇಕಾಗಿರುವುದು ಅಂದಾಜು, ಅದೂ ಈಗಲೇ. ನೀವು ಎರಡು ದಿನ ಎಕ್ಸೆಲ್ ಹಾಕಿಕೊಂಡು ಕೂತು ಪೈಸೆ ಲೆಕ್ಕದಲ್ಲಿ ಕೊಟ್ಟರೆ ಅವರು ಖುಷಿಪಡುವುದಿಲ್ಲ, ಬೇಸರಪಡುತ್ತಾರೆ. ‘ಒಂದು ಹದಿನೈದು ದಿನ ಹಿಡಿಯಬಹುದು’ ಅಂದರೆ ಸಾಕು. ‘ಲೆಟ್ಸ್ ಟೇಕ್ ಇಟ್ ಆಫ್‌ಲೈನ್’ ಅಂದರೆ ಈ ಮಾತು ಎಲ್ಲರ ಮುಂದೆ ಬೇಡ, ಆಮೇಲೆ ನಾವಿಬ್ಬರೇ ಮಾತಾಡೋಣ. ಇಲ್ಲಿ ನಿಮ್ಮ ಕೆಲಸ ತಕ್ಷಣ ಬಾಯಿ ಮುಚ್ಚುವುದು, ಕಾಲ್ ಮುಗಿದ ಮೇಲೆ ನೀವೇ ಮೆಸೇಜ್ ಹಾಕುವುದು. ಅವರಾಗೇ ಕರೆಯುತ್ತಾರೆ ಅಂತ ಕಾಯಬೇಡಿ, ಸಾಮಾನ್ಯವಾಗಿ ಕರೆಯಲ್ಲ. ‘ಜಸ್ಟ್ ಎ ಹೆಡ್ಸ್ ಅಪ್’ ಅಂದರೆ ಮುಂಚೆಯೇ ಒಂದು ಮಾತು ಕಿವಿಗೆ ಹಾಕಿದ್ದೇನೆ ಅಂತ. ಉತ್ತರ ಬೇಕಿಲ್ಲ.

ಇವೆಲ್ಲ ತಪ್ಪಾಗಿ ಹಿಡಿದರೂ ದೊಡ್ಡ ನಷ್ಟವಿಲ್ಲ. ನಷ್ಟ ಆಗುವುದು ‘ದ ಬಾಲ್ ಈಸ್ ಇನ್ ಯುವರ್ ಕೋರ್ಟ್’ ಅನ್ನುವಂಥದ್ದರಲ್ಲಿ. ಇದು ಟೆನಿಸ್ ಕೋರ್ಟ್. ಚೆಂಡು ನಿಮ್ಮ ಕಡೆ ಬಿದ್ದಿದೆ, ಈಗ ಹೊಡೆಯಬೇಕಾದವರು ನೀವು. ಕನ್ನಡ ಪತ್ರಿಕೆಗಳು ‘ಚೆಂಡು ಈಗ ಸರ್ಕಾರದ ಅಂಗಳದಲ್ಲಿ’ ಅಂತ ಬರೆಯುತ್ತವಲ್ಲ, ಅದೇ. ನನ್ನ ಒಬ್ಬ ವಿದ್ಯಾರ್ಥಿ ಇದನ್ನು ಮೇಲ್‌ನಲ್ಲಿ ಓದಿ, ಕಂಪನಿಯವರು ತನ್ನ ಮೇಲೆ ಕೋರ್ಟಿಗೆ ಹೋಗುತ್ತಿದ್ದಾರೆ ಅಂತ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಇನ್ನೊಬ್ಬಳು ಅರ್ಥ ಸರಿಯಾಗೇ ಹೇಳಿದಳು, ಆದರೆ ಅವರ ಉತ್ತರಕ್ಕಾಗಿ ಎರಡು ವಾರ ಕಾದಳು. ಅವರೂ ಇವಳಿಗಾಗಿ ಕಾಯುತ್ತಿದ್ದರು. ನಿಜವಾಗಿ ಏಟು ಬಿದ್ದದ್ದು ಎರಡನೆಯವಳಿಗೆ.

ಕೆಲವು ಮಾತುಗಳಂತೂ ಮೇಲ್ನೋಟಕ್ಕೆ ಒಂದು, ಒಳಗೆ ಇನ್ನೊಂದು. ಇಂಗ್ಲೆಂಡಿನವರು ‘ವಿತ್ ಡ್ಯೂ ರೆಸ್ಪೆಕ್ಟ್’ ಅಂದರು ಅಂದರೆ ಮುಂದೆ ನಿಮ್ಮ ಮಾತನ್ನು ಒಪ್ಪುವುದಿಲ್ಲ ಅಂತಲೇ ಹೇಳುತ್ತಾರೆ. ನಮ್ಮಲ್ಲಿ ‘ತಪ್ಪು ತಿಳ್ಕೋಬೇಡಿ’ ಅಂತ ಶುರು ಮಾಡಿದವರು ಮುಂದೆ ಏನು ಹೇಳುತ್ತಾರೆ ಅಂತ ನಿಮಗೆ ಗೊತ್ತೇ ಇದೆಯಲ್ಲ? ಅದೇ ತರಹ. ಅವರು ‘ನಾಟ್ ಬ್ಯಾಡ್’ ಅಂದರೆ ಚೆನ್ನಾಗಿದೆ ಅಂತ, ಬೇಜಾರಾಗಬೇಡಿ. ‘ಕ್ವೈಟ್ ಗುಡ್’ ಅಂದರೆ ಮಾತ್ರ ಹುಷಾರು. ಅಮೆರಿಕದವರ ಬಾಯಲ್ಲಿ ಅದು ತುಂಬಾ ಚೆನ್ನಾಗಿದೆ. ಇಂಗ್ಲೆಂಡಿನವರ ಬಾಯಲ್ಲಿ ಬಹಳ ಸಲ ಅದು ‘ಪರವಾಗಿಲ್ಲ’. ನೀವು ಎರಡೂ ಕಡೆಯವರ ಜೊತೆ ಕೆಲಸ ಮಾಡಿದವರು, ಇದು ನಿಮಗೆ ಬೇಕಾಗುತ್ತೆ.

ಈಗ ನಿಮ್ಮ ಐನೂರರ ಪುಸ್ತಕಕ್ಕೆ ಬರೋಣ. ಆ ತರಹದ ಪುಸ್ತಕ ನನ್ನ ಹತ್ತಿರವೂ ಹತ್ತಿಪ್ಪತ್ತು ಇವೆ. ಬಹುತೇಕ ಎಲ್ಲದರಲ್ಲೂ ಮೊದಲ ಹತ್ತರೊಳಗೆ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಇರುತ್ತೆ. ನಮ್ಮ ಸ್ಕೂಲುಗಳಲ್ಲಿ ಈಗಲೂ ಹೇಳಿಕೊಡುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಇಂಗ್ಲಿಷಿನವನು ತಮಾಷೆಗಲ್ಲದೆ ಇದನ್ನು ಹೇಳಿದ್ದು ನಾನು ಕೇಳಿಲ್ಲ. ಅವರು ‘ಇಟ್ಸ್ ಪೋರಿಂಗ್’ ಅನ್ನುತ್ತಾರೆ, ಮುಗೀತು. ನಮ್ಮ ‘ಮುಸಲಧಾರೆ’ ಇದೆಯಲ್ಲ, ಹಾಗೆ ಅದು. ಮುಸಲ ಅಂದರೆ ಒನಕೆ. ಒನಕೆ ಗಾತ್ರದ ಧಾರೆ. ಪತ್ರಿಕೆಯವರು ಬರೆಯುತ್ತಾರೆ. ಆದರೆ ಸಿಲ್ಕ್ ಬೋರ್ಡಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ಸಿಕ್ಕಿಕೊಂಡು ಮನೆಗೆ ಫೋನ್ ಮಾಡುವವರು ಯಾರಾದರೂ ‘ಅಮ್ಮ, ಮುಸಲಧಾರೆ’ ಅನ್ನುತ್ತಾರಾ? ‘ಆಕಾಶಕ್ಕೆ ತೂತು ಬಿದ್ದ ಹಾಗೆ ಸುರೀತಾ ಇದೆ’ ಅನ್ನುತ್ತಾರೆ.

ಅಂದಹಾಗೆ ಆ ನಾಯಿ ಬೆಕ್ಕಿನ ಬಗ್ಗೆ ವಾಟ್ಸಾಪಿನಲ್ಲಿ ಒಂದು ಕಥೆ ಓಡಾಡುತ್ತೆ. ಹಳೇ ಕಾಲದ ಹುಲ್ಲು ಮಾಡಿನಲ್ಲಿ ಮಲಗಿದ್ದ ನಾಯಿ ಬೆಕ್ಕುಗಳು ಮಳೆ ಬಂದಾಗ ಜಾರಿ ಕೆಳಗೆ ಬೀಳುತ್ತಿದ್ದವಂತೆ. ಸುಳ್ಳು. ನಾಯಿ ಯಾವ ಕಾಲದಲ್ಲಿ ಮಾಡು ಹತ್ತಿ ಮಲಗಿತ್ತು? ಜೊನಾಥನ್ ಸ್ವಿಫ್ಟ್ 1710ರಲ್ಲಿ ಲಂಡನ್ನಿನ ಮಳೆಯ ಬಗ್ಗೆ ಒಂದು ಪದ್ಯ ಬರೆದರು. ಅದರಲ್ಲಿ ಚರಂಡಿ ಉಕ್ಕಿ ಸತ್ತ ಬೆಕ್ಕು, ಮುಳುಗಿದ ನಾಯಿಮರಿ ಎಲ್ಲ ತೇಲಿ ಬರುತ್ತವೆ. 1738ರಲ್ಲಿ ಅವರದೇ ಇನ್ನೊಂದು ಬರಹದಲ್ಲಿ ಈ ಮಾತು ಈಗಿನ ರೂಪದಲ್ಲೇ ಸಿಗುತ್ತೆ. ಮಾತು ಹುಟ್ಟಿದ್ದು ಅಲ್ಲೇ ಅಂತ ನಾನು ಹೇಳುತ್ತಿಲ್ಲ. ಆದರೆ ರಾಜಕಾಲುವೆ ಉಕ್ಕಿದ್ದನ್ನು ನೋಡಿದ ಬೆಂಗಳೂರಿನವರಿಗೆ ಆ ಪದ್ಯ ಅರ್ಥ ಮಾಡಿಸಬೇಕಾಗಿಲ್ಲ.

ಹುಟ್ಟಿನ ಕಥೆಗಳೆಲ್ಲ ಸುಳ್ಳು ಅಂತಲೂ ಅಲ್ಲ. ನೀವು ದಿನಾ ಹೇಳುವ ‘ಡೆಡ್‌ಲೈನ್’ ನಿಜಕ್ಕೂ ಸಾವಿನ ಗೆರೆ. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಅನ್ನುವಲ್ಲಿ ಯುದ್ಧ ಕೈದಿಗಳ ಒಂದು ಸೆರೆಮನೆ ಇತ್ತು. ಗೋಡೆಯಿಂದ ಒಳಗೆ ಸ್ವಲ್ಪ ದೂರದಲ್ಲಿ ಒಂದು ಗೆರೆ. ಅದನ್ನು ದಾಟಿದ ಕೈದಿಗೆ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಆ ಗೆರೆಯ ಹೆಸರು ಡೆಡ್‌ಲೈನ್. ಆಮೇಲೆ ಪತ್ರಿಕಾ ಕಚೇರಿಗಳಿಗೆ ಬಂತು, ಅಲ್ಲಿಂದ ನಿಮ್ಮ ಕೆಲಸದ ಲೆಕ್ಕ ಇಡುವ ಜೀರಾ ಸಾಫ್ಟ್‌ವೇರಿನ ಟಿಕೆಟಿಗೆ ಬಂತು. ಕಥೆ ಚೆನ್ನಾಗಿದೆ. ಆದರೆ ಕಥೆ ಗೊತ್ತಿದ್ದರೆ ಡೆಡ್‌ಲೈನ್ ಮುಂದಕ್ಕೇನೂ ಹೋಗಲ್ಲ.

ಇನ್ನು ಪಟ್ಟಿಯ ದೊಡ್ಡ ತೊಂದರೆ. ಅದು ಎಲ್ಲ ಮಾತುಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತೆ. ‘ಕಿಕ್ ದ ಬಕೆಟ್ — ಸಾಯುವುದು’ ಅಂತ ಬರೆದು ಮುಂದಕ್ಕೆ ಹೋಗುತ್ತೆ. ನನ್ನ ಕ್ಲಾಸಿನ ಒಬ್ಬ ಹುಡುಗ ಇದನ್ನು ಕಲಿತು ಆಫೀಸಿಗೆ ರಜೆ ಕೇಳಿ ಮೇಲ್ ಹಾಕಿದ. ಅಜ್ಜ ತೀರಿಕೊಂಡಿದ್ದರು. ‘ಮೈ ಗ್ರ್ಯಾಂಡ್‌ಫಾದರ್ ಕಿಕ್ಡ್ ದ ಬಕೆಟ್’ ಅಂತ ಬರೆದಿದ್ದ. ಕನ್ನಡದಲ್ಲಿ ಅದು ‘ನಮ್ಮ ತಾತ ಗೊಟಕ್ ಅಂದುಬಿಟ್ಟರು, ಎರಡು ದಿನ ರಜೆ ಕೊಡಿ’ ಅಂದ ಹಾಗೆ! ಕನ್ನಡದಲ್ಲಿ ಸಾವಿಗೆ ಎಷ್ಟು ಮಾತಿದೆ ನೋಡಿ. ತೀರಿಕೊಂಡರು, ಹೋಗಿಬಿಟ್ಟರು, ದೈವಾಧೀನರಾದರು, ಶಿವನ ಪಾದ ಸೇರಿದರು, ಟಿಕೆಟ್ ತಗೊಂಡ, ಗೊಟಕ್ ಅಂದ. ಯಾವುದನ್ನು ಯಾರ ಬಗ್ಗೆ, ಯಾರ ಎದುರು ಹೇಳಬೇಕು ಅಂತ ನಿಮಗೆ ಯಾರೂ ಹೇಳಿಕೊಡಲಿಲ್ಲ. ಸಾವಿನ ಮನೆಯಲ್ಲಿ ಕೂತು, ದೊಡ್ಡವರ ಮಾತು ಕೇಳಿ ಕಲಿತಿರಿ. ಇಂಗ್ಲಿಷಿನಲ್ಲೂ ಅಂಥ ಮೆಟ್ಟಿಲುಗಳಿವೆ. ಸಂತಾಪಕ್ಕೆ, ರಜೆ ಅರ್ಜಿಗೆ ‘ಪಾಸ್ಡ್ ಅವೇ’ ಒಂದೇ ಸಾಕು.

ಇನ್ನೊಂದು, ಇಡಿಯಮ್ಮು ಇದ್ದ ಹಾಗೇ ಇರಬೇಕು, ಬಿಚ್ಚಿ ಹೊಲಿಯೋಕೆ ಆಗಲ್ಲ. ‘ದ ಬಕೆಟ್ ವಾಸ್ ಕಿಕ್ಡ್’ ಅಂದರೆ ನಿಜವಾದ ಬಕೆಟ್ಟು ಉರುಳುತ್ತೆ. ‘ಕಿವಿ ಮೇಲೆ ಹೂವು ಇಟ್ಟ’ ಅನ್ನುವುದನ್ನು ‘ಕಿವಿ ಮೇಲೆ ಎರಡು ಸೇವಂತಿಗೆ ಇಟ್ಟ’ ಅಂದರೆ ಕೇಳುವವರಿಗೆ ಹೇಗಿರುತ್ತೆ? ಹಾಗೆ.

ಹಾಗಾದರೆ ಹೇಗೆ ಕಲಿಯೋದು? ನಾನು ಹೇಳುವುದು, ಅಕಾರಾದಿ ಬಿಡಿ, ಮನೆತನ ಹಿಡಿಯಿರಿ. ಬಹಳಷ್ಟು ಮಾತು ಯಾವುದೋ ಒಂದು ಕಸುಬಿನಿಂದ, ಆಟದಿಂದ ಬಂದಿರುತ್ತೆ. ನಮ್ಮ ಮಾತುಗಳು ಹೊಲದಿಂದ, ಅಡುಗೆ ಮನೆಯಿಂದ ಬಂದವು. ನುಂಗಲಾರದ ಬಿಸಿ ತುಪ್ಪ, ಹಿತ್ತಲ ಗಿಡ, ಇಂಗು ತಿಂದ ಮಂಗ. ಬ್ರಿಟನ್ನು ಸುತ್ತ ಸಮುದ್ರ ಇರುವ ದ್ವೀಪ, ಅವರಿಗೆ ಹಡಗಿನ ಮಾತು ಜಾಸ್ತಿ. ‘ಲರ್ನ್ ದ ರೋಪ್ಸ್’ (ಕೆಲಸದ ಪಟ್ಟು ಕಲಿ), ‘ಆಲ್ ಹ್ಯಾಂಡ್ಸ್ ಆನ್ ಡೆಕ್’ (ಎಲ್ಲರೂ ಕೈ ಜೋಡಿಸಿ). ಕ್ರಿಕೆಟ್ಟಿನ ಮಾತು ನಿಮಗೆ ಹೇಳಿಕೊಡಬೇಕಾಗಿಲ್ಲ. ‘ಗೂಗ್ಲಿ ಹಾಕಿದ’, ‘ಕ್ಲೀನ್ ಬೌಲ್ಡ್ ಆದ’ ಅಂತ ಇಡೀ ಕರ್ನಾಟಕ ಮಾತಾಡುತ್ತೆ. ಹಾಗೇ ಅಮೆರಿಕದವರಿಗೆ ಬೇಸ್‌ಬಾಲ್.

ಅದಕ್ಕೇ ನಿಮಗೆ ನನ್ನ ಹೋಮ್‌ವರ್ಕ್ ಇದು: ಈ ಭಾನುವಾರ ಯೂಟ್ಯೂಬಿನಲ್ಲಿ ಬೇಸ್‌ಬಾಲ್ ನಿಯಮ ಹೇಳುವ ಒಂದು ಹತ್ತು ನಿಮಿಷದ ವಿಡಿಯೋ ನೋಡಿ. ಓಡುವವನು ಒಂದೊಂದು ಬೇಸನ್ನೂ ಮುಟ್ಟಿಕೊಂಡು ಹೋಗಬೇಕು ಅಂತ ಗೊತ್ತಾಗುತ್ತೆ. ಆಗ ‘ಟಚ್ ಬೇಸ್’ ಅಂದರೆ ಸುಮ್ನೆ ಒಂದು ನಿಮಿಷ ಮಾತಾಡಿ ಹೋಗೋದು ಅಂತ ನೆನಪಿಟ್ಟುಕೊಳ್ಳೋದು ಸುಲಭ. ಬ್ಯಾಟ್ ಹಿಡಿದವನು ಪಕ್ಕದಲ್ಲಿ ನಿಲ್ಲುವ ಬೇಸಿಗೆ ‘ಪ್ಲೇಟ್’ ಅಂತ ಹೆಸರು. ‘ಸ್ಟೆಪ್ ಅಪ್ ಟು ದ ಪ್ಲೇಟ್’ ಅಂದರೆ ಮುಂದೆ ಬಂದು ಜವಾಬ್ದಾರಿ ತಗೊ ಅಂತ. ಊಟಕ್ಕೆ ಕರೆಯುತ್ತಿಲ್ಲ. ‘ಕರ್ವ್‌ಬಾಲ್’ ಅವರ ಗೂಗ್ಲಿ. ಬಾಲ್‌ಪಾರ್ಕ್ ಅಂದರೆ ಆಟದ ಮೈದಾನ. ಲೆಕ್ಕ ಮೈದಾನದ ಒಳಗೆ ಎಲ್ಲೋ ಬಿದ್ದರೆ ಸಾಕು, ಸರಿಯಾಗಿ ಎಲ್ಲಿ ಅಂತ ಬೇಡ. ನನ್ನ ರೇನ್ ಚೆಕ್ಕೂ ಇದೇ ಮನೆಯದು. ಹತ್ತು ನಿಮಿಷಕ್ಕೆ ಐದು ಮಾತು ಬಂತು, ಬಾಯಿಪಾಠ ಇಲ್ಲದೆ.

ನನಗೆ ತುಂಬಾ ಇಷ್ಟವಾದ ಒಂದು ಮಾತು ಇಲ್ಲೇ, ನಿಮ್ಮ ಆಫೀಸಿನ ತಲೆ ಮೇಲೇ ಹಾರಾಡುತ್ತೆ. ‘ಪುಷ್ ದ ಎನ್ವಲಪ್’. ಅಂಚೆ ಕವರನ್ನು ತಳ್ಳೋದು ಅಂದರೆ ಏನು? ನಾನೂ ಬಹಳ ವರ್ಷ ಆಫೀಸಿನಲ್ಲಿ ಮೇಜಿನ ಕೆಳಗೆ ಲಂಚದ ಕವರು ತಳ್ಳೋದೇನೋ ಅಂದುಕೊಂಡಿದ್ದೆ! ಅದನ್ನು ಬಿಡಿಸಿದ್ದು ಕ್ಲಾಸಿಗೆ ಬರುತ್ತಿದ್ದ, ಎಚ್‌ಎಎಲ್‌ನಿಂದ ನಿವೃತ್ತರಾದ ಒಬ್ಬ ಹಿರಿಯರು. ಮೊಮ್ಮಕ್ಕಳ ಜೊತೆ ಫೋನಿನಲ್ಲಿ ಇಂಗ್ಲಿಷ್ ಮಾತಾಡಬೇಕು ಅಂತ ಸೇರಿದ್ದರು. ಬೋರ್ಡಿನ ಹತ್ತಿರ ಬಂದು ಚಾಕ್‌ಪೀಸ್ ಇಸಕೊಂಡು ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಹಾಕಿದರು. ಅಡ್ಡ ಗೆರೆ ವಿಮಾನದ ವೇಗ, ಉದ್ದ ಗೆರೆ ಎತ್ತರ. ಆಮೇಲೆ ಒಳಗೆ ಒಂದು ಗುಡ್ಡದ ಆಕಾರ ಬರೆದರು. ‘ಮೇಡಂ, ಇದರೊಳಗೆ ಹಾರಿದರೆ ವಿಮಾನ ಕ್ಷೇಮ. ಗೆರೆ ದಾಟಿದರೆ ಏನಾಗುತ್ತೆ ಅಂತ ಇನ್ನೂ ನೋಡಿಲ್ಲ. ಈ ಗೆರೆಗೇ ಎನ್ವಲಪ್ ಅಂತೀವಿ’ ಅಂದರು. ಹೊಸ ವಿಮಾನ ಮೊದಲ ಸಲ ಹಾರಿದಾಗ ಒಳಗಿನ ಸಣ್ಣ ಜಾಗದಲ್ಲೇ ಹಾರುತ್ತೆ. ಆಮೇಲೆ ಒಂದೊಂದು ಹಾರಾಟದಲ್ಲೂ ಟೆಸ್ಟ್ ಪೈಲಟ್ ಆ ಗೆರೆಯನ್ನು ಸ್ವಲ್ಪ ಸ್ವಲ್ಪ ಹೊರಕ್ಕೆ ತಳ್ಳುತ್ತಾ ಹೋಗುತ್ತಾನೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಹಗುರ ಯುದ್ಧ ವಿಮಾನ ಎಲ್‌ಸಿಎ, ಆಮೇಲೆ ತೇಜಸ್ ಅಂತ ಹೆಸರು ಪಡೆದದ್ದು, ಅದೂ ಹೀಗೇ ಬೆಳೆಯಿತು.

ಈಗ ನಿಮ್ಮ ಮ್ಯಾನೇಜರ್ ‘ಪುಷ್ ದ ಎನ್ವಲಪ್’ ಅಂದರೆ ಏನು ಕೇಳುತ್ತಿದ್ದಾರೆ ಅಂತ ಹೇಳಿ ನೋಡೋಣ. ಸುಮ್ನೆ ‘ಜಾಸ್ತಿ ಕೆಲಸ ಮಾಡು’ ಅಂತಲ್ಲ. ಇದುವರೆಗೆ ಯಾರೂ ಮಾಡಿರದಷ್ಟು ಮುಂದಕ್ಕೆ ಹೋಗು, ಗೆರೆ ಎಲ್ಲಿದೆ ಅಂತ ತಿಳಿದುಕೊಂಡು ಹೋಗು ಅಂತ. ಪುಸ್ತಕದ ಒಂದು ಸಾಲಿನ ಅರ್ಥದಲ್ಲಿ ಇದು ಸಿಗುತ್ತಾ?

ಒಂದು ಎಚ್ಚರಿಕೆ. ಕನ್ನಡದ ಮಾತನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಹಾಕಬೇಡಿ. ಕೆಲವು ಸಲ ಅದೃಷ್ಟಕ್ಕೆ ಸರಿಹೋಗುತ್ತೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಅವರಲ್ಲೂ ಇದೆ, ಬೆನ್ನು ತಟ್ಟೋದು ಅವರಲ್ಲೂ ಇದೆ. ಆದರೆ ‘ಕೈ ಕೊಟ್ಟ’ ನೋಡಿ. ನಮಗೆ ಅದು ನಡುನೀರಿನಲ್ಲಿ ಬಿಟ್ಟು ಹೋಗೋದು. ಇಂಗ್ಲಿಷಿನಲ್ಲಿ ‘ಗೇವ್ ಮಿ ಎ ಹ್ಯಾಂಡ್’ ಅಂದರೆ ಸಹಾಯ ಮಾಡಿದ. ವೆಂಡರ್ ಕೈ ಕೊಟ್ಟ ಅಂತ ನೀವು ಸಿಟ್ಟಿನಲ್ಲಿ ಹೇಳಿದರೆ ಅವರು ವೆಂಡರಿಗೆ ಥ್ಯಾಂಕ್ಸ್ ಮೇಲ್ ಕಳಿಸುತ್ತಾರೆ. ‘ತಲೆ ತಿನ್ನಬೇಡ’ ಅನ್ನೋದನ್ನು ತೆಗೆದುಕೊಂಡು ಹೋದರೆ ಅಲ್ಲಿ ಬೇರೆಯದೇ ಒಂದು ಇದೆ. ‘ಹಿ ಬಿಟ್ ಮೈ ಹೆಡ್ ಆಫ್’ ಅಂದರೆ ರೇಗಾಡಿದ ಅಂತ, ಕೊರೆದ ಅಂತಲ್ಲ. ಕಾಲೆಳೆಯೋದು ಇನ್ನೂ ಮಜಾ. ಅವರದು ಬರೀ ತಮಾಷೆ. ನಮ್ಮಲ್ಲಿ ತಮಾಷೆಗೂ ಕಾಲೆಳೀತೀವಿ, ಮೇಲೆ ಹೋಗುವವನನ್ನು ಕೆಳಗೆ ಬೀಳಿಸೋಕೂ ಎಳೀತೀವಿ. ‘ಮೈ ಕಲೀಗ್ಸ್ ಆರ್ ಪುಲ್ಲಿಂಗ್ ಮೈ ಲೆಗ್’ ಅಂತ ಎಚ್‌ಆರ್‌ಗೆ ದೂರು ಕೊಟ್ಟರೆ ಅವರು ನಕ್ಕು ಕಳಿಸುತ್ತಾರೆ.

ನೋಟ್‌ಬುಕ್ಕು ಇಡುವ ಅಭ್ಯಾಸ ಇದ್ದರೆ ಮಾತು, ಅರ್ಥ ಅಂತ ಎರಡು ಕಾಲಂ ಹಾಕಬೇಡಿ. ಯಾರು ಹೇಳಿದರು, ಯಾವ ಹೊತ್ತಿನಲ್ಲಿ, ಅದಾದ ಮೇಲೆ ಬೇರೆಯವರು ಏನು ಮಾಡಿದರು, ಅಷ್ಟು ಬರೆಯಿರಿ. ಎಂ.ಜಿ. ರೋಡಿನಲ್ಲಿ ಕಿಟೆಲ್ ಪ್ರತಿಮೆ ನೋಡಿರಬೇಕಲ್ಲ? ಜರ್ಮನಿಯಿಂದ ಬಂದ ಆ ಪಾದ್ರಿ 1894ರ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದಕ್ಕೆ ಬರೀ ಅರ್ಥ ಕೊಟ್ಟು ಬಿಡಲಿಲ್ಲ. ಆ ಪದ ಬರುವ ಗಾದೆಗಳನ್ನೂ ಜೊತೆಗೇ ಹಾಕಿದರು. ಮಾತು ಓಡಾಡುವುದನ್ನು ನೋಡದೆ ಮಾತು ಸಿಗಲ್ಲ ಅಂತ ಅವರಿಗೆ ಗೊತ್ತಿತ್ತು. ನೀವು ಈಗ ಮಾಡಬೇಕಾದದ್ದು ಅದನ್ನೇ, ದಿಕ್ಕು ಮಾತ್ರ ಬೇರೆ. ಹೊಸ ಮಾತು ಸಿಕ್ಕಿದಾಗ ಕೇಂಬ್ರಿಡ್ಜ್ ಅಥವಾ ಆಕ್ಸ್‌ಫರ್ಡಿನವರ ಕಲಿಯುವವರ ನಿಘಂಟನ್ನು ಆನ್‌ಲೈನ್‌ನಲ್ಲಿ ತೆರೆಯಿರಿ, ದುಡ್ಡು ಕೊಡಬೇಕಾಗಿಲ್ಲ. ‘ಇನ್‌ಫಾರ್ಮಲ್’, ‘ಓಲ್ಡ್ ಫ್ಯಾಷನ್ಡ್’ ಅಂತ ಪಕ್ಕದಲ್ಲೇ ಗುರುತು ಹಾಕಿರುತ್ತಾರೆ. ಓಲ್ಡ್ ಫ್ಯಾಷನ್ಡ್ ಅಂತ ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ಮತ್ತೆ, ಅರ್ಥವಾದದ್ದನ್ನೆಲ್ಲ ಬಳಸಲೇಬೇಕು ಅಂತ ಯಾರು ಹೇಳಿದರು? ನೂರು ಅರ್ಥವಾದರೆ ಐದು ಬಳಸಿ. ನೀವು ‘ವಿ ನೀಡ್ ಮೋರ್ ಟೈಮ್’ ಅಂತ ನೇರವಾಗಿ ಹೇಳಿದರೆ ಯಾರೂ ನಗುವುದಿಲ್ಲ. ಎಲ್ಲ ವಾಕ್ಯಕ್ಕೂ ಒಂದೊಂದು ಇಡಿಯಮ್ ಸಿಕ್ಕಿಸಿ ಮಾತಾಡುವವರು ಮದುವೆ ಮನೆಯಲ್ಲಿ ಮಾತಿಗೊಂದು ಗಾದೆ ಹೇಳುವ ಮಾವನ ಹಾಗೆ. ಐದು ನಿಮಿಷ ಚೆಂದ.

ಕೊನೆಗೆ ನಿಮ್ಮ ಡೌಟು. ಟೀಮ್ ಲೀಡ್ ನಗೋದು ನನಗೆ ಹಿಡಿಸಲಿಲ್ಲ, ಆದರೆ ಅವರು ಹೇಳೋದರಲ್ಲಿ ಅರ್ಧ ನಿಜ ಇದೆ. ನಾವು ಬೆಂಗಳೂರಿನಲ್ಲಿ ‘ಒಂದು ಡೌಟಿದೆ’ ಅಂದರೆ ಒಂದು ಪ್ರಶ್ನೆ ಇದೆ ಅಂತ. ಅಮೆರಿಕ, ಇಂಗ್ಲೆಂಡಿನವರಿಗೆ ಡೌಟ್ ಅಂದರೆ ಅಪನಂಬಿಕೆ. ಯಾರೋ ಅರ್ಧ ಗಂಟೆ ವಿವರಿಸಿದ ಮೇಲೆ ನೀವು ‘ಐ ಹ್ಯಾವ್ ಎ ಡೌಟ್’ ಅಂದರೆ ‘ನೀವು ಹೇಳಿದ್ದು ನನಗೆ ನಂಬಿಕೆ ಬರಲಿಲ್ಲ’ ಅಂದ ಹಾಗೆ ಕೇಳಿಸುತ್ತೆ. ‘ಪಾಸ್ಡ್ ಔಟ್ ಇನ್ 2019’ ಅಂದರೆ ಪ್ರಜ್ಞೆ ತಪ್ಪಿ ಬಿದ್ದಿರಿ ಅಂದುಕೊಳ್ಳುತ್ತಾರೆ. ‘ಪ್ಲೀಸ್ ರಿವರ್ಟ್’ ಅಂದರೆ ಉತ್ತರ ಕೊಡಿ ಅಂತ ಅವರಿಗೆ ಹೊಳೆಯಲ್ಲ, ಮೊದಲಿದ್ದ ಹಾಗೆ ಮಾಡಬೇಕಾ ಅಂತ ಯೋಚಿಸುತ್ತಾರೆ. ನಿಮ್ಮ ಕೋಡ್ ವಿಷಯದಲ್ಲಿ ಇದು ಅಪಾಯ, ನಿಜವಾಗಿಯೂ ಹಿಂದಕ್ಕೆ ತೆಗೆದುಬಿಟ್ಟಾರು! ‘ಡು ದ ನೀಡ್‌ಫುಲ್’ ಅವರದೇ ಹಳೇ ಕಚೇರಿ ಭಾಷೆ. ಅವರು ಬಿಟ್ಟುಬಿಟ್ಟರು, ನಾವು ಜೋಪಾನವಾಗಿ ಇಟ್ಟುಕೊಂಡಿದ್ದೇವೆ.

ಆದರೆ ಇವು ತಪ್ಪು ಇಂಗ್ಲಿಷ್ ಅಂತ ನಾನು ಹೇಳುವುದಿಲ್ಲ. ಜಯನಗರದ ಆಫೀಸಿನಿಂದ ಮೈಸೂರಿನ ಆಫೀಸಿಗೆ ಹೋಗುವ ಮೇಲ್‌ನಲ್ಲಿ ‘ಔಟ್ ಆಫ್ ಸ್ಟೇಷನ್’ ಧಾರಾಳವಾಗಿ ಬರೆಯಿರಿ, ಎಲ್ಲರಿಗೂ ಅರ್ಥ ಆಗುತ್ತೆ. ‘ಪ್ರಿಪೋನ್’ (ನಿಗದಿಗಿಂತ ಮುಂಚೆ ಇಟ್ಟುಕೊಳ್ಳೋದು) ಅಂತೂ ಆಕ್ಸ್‌ಫರ್ಡ್ ನಿಘಂಟಿಗೇ ಸೇರಿದೆ, ಅದು ಇಲ್ಲದೆ ನಾವು ಹೇಗಿದ್ದೆವೋ. ನಮ್ಮೂರು ಇಂಗ್ಲಿಷಿಗೆ ಒಂದು ಕ್ರಿಯಾಪದವನ್ನೂ ಕೊಟ್ಟಿದೆ. 2000ದ ದಶಕದಲ್ಲಿ ಅಮೆರಿಕದಲ್ಲಿ ಕೆಲಸ ಹೋಗಿ ಅದು ಭಾರತಕ್ಕೆ ಬಂದರೆ ‘ಬ್ಯಾಂಗಲೋರ್ಡ್’ ಆದೆ ಅನ್ನುತ್ತಿದ್ದರು. ಅವರು ಸಿಟ್ಟಿನಲ್ಲೇ ಹೇಳಿದ್ದು. ಇರಲಿ.

ಹಾಗಾಗಿ ಟೀಮ್ ಲೀಡಿಗೆ ಡೌಟು ಹೇಳಿ, ಅಮೆರಿಕದವರಿಗೆ ‘ಐ ಹ್ಯಾವ್ ಎ ಕ್ವೆಶ್ಚನ್’ ಹೇಳಿ. ಮುಂದಿನ ಸಲ ಯಾರಾದರೂ ‘ಟೇಬಲ್ ಇಟ್’ ಅಂದಾಗ ಸ್ಲೈಡಿಗೆ ಕೈ ಹಾಕುವ ಮೊದಲು ‘ಜಸ್ಟ್ ಟು ಬಿ ಕ್ಲಿಯರ್, ಟುಡೇ ಆರ್ ಲೇಟರ್?’ ಅಂತ ಕೇಳಿ. ಆ ಕಾಲ್‌ನಲ್ಲಿ ಲಂಡನ್ನಿನವರೂ ಒಬ್ಬರು ಇದ್ದರೆ ಅವರೂ ಅದನ್ನೇ ಕೇಳಬೇಕು ಅಂತ ಕೂತಿರುತ್ತಾರೆ.